ಔಟಾದ ಮೇಲೂ ಅವನೇಕೆ ಏಳುವುದಿಲ್ಲ?

ರಾತ್ರಿ ಊಟವಾಗಿದೆ. ಪಾತ್ರೆ ತೊಳೆದು, ಒಲೆ ಒರೆಸಿ ನೀವು ಒಳಗೆ ಬರುತ್ತೀರಿ. ಮನೆಯವರು ರಾತ್ರಿ ಪಾಳಿಗೆಂದು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋಗಿದ್ದಾರೆ. ಮಗ ಗೋಡೆಗೊರಗಿ ಮೊಬೈಲ್ ಹಿಡಿದು ಕುಳಿತಿದ್ದಾನೆ. ಒಂದೇ ಒಂದು ಆಟ ಎಂದು ಅವನೇ ಮಾತು ಕೊಟ್ಟಿದ್ದ. "ಇನ್ನೂ ಆಡ್ತಾ ಇದ್ದೀಯಾ?" ಎಂದು ನೀವು ಗದರಿದರೆ ಅವನ ಉತ್ತರ ಸಿದ್ಧವಿದೆ: "ಇಲ್ಲ ಅಮ್ಮಿ, ನಾನು ಆಗ್ಲೇ ಔಟಾದೆ. ಸುಮ್ನೆ ನೋಡ್ತಾ ಇದ್ದೀನಿ."

ಸುಳ್ಳು ಹೇಳುತ್ತಿದ್ದಾನೆ ಎಂದು ನಿಮಗನಿಸುತ್ತದೆ. ಆದರೆ ಅವನ ಹೆಬ್ಬೆರಳುಗಳನ್ನು ಗಮನಿಸಿ. ಅವು ಅಲುಗಾಡುತ್ತಿಲ್ಲ. ಅವನು ನಿಜವನ್ನೇ ಹೇಳುತ್ತಿದ್ದಾನೆ.

ಕುರೆಕುಪ್ಪದಲ್ಲಿರಲಿ, ಸಂಡೂರು, ಕಂಪ್ಲಿ, ಹೊಸಪೇಟೆಯಲ್ಲಿರಲಿ, ಹದಿಹರೆಯದ ಮಕ್ಕಳಿರುವ ಮನೆಯ ತಾಯಂದಿರಿಗೆ ಈ ಉತ್ತರ ಹೊಸದೇನಲ್ಲ. ಆಡುವುದರ ಬಗ್ಗೆ ನಾವು ಬೇಕಾದಷ್ಟು ಮಾತನಾಡಿದ್ದೇವೆ, ಬೈದಿದ್ದೇವೆ, ಮೊಬೈಲ್ ಕಸಿದೂ ಇಟ್ಟಿದ್ದೇವೆ. ಆದರೆ ಈ 'ನೋಡುವುದು' ಎಂದರೇನು? ಬೇರೆಯವರು ಆಡುವ ವೀಡಿಯೊ ಗೇಮನ್ನು ಕಣ್ಣು ಮಿಟುಕಿಸದೆ ನೋಡುವುದರಲ್ಲಿ ಅಂಥದ್ದೇನಿದೆ?

ಮೊದಲು ಆಟವನ್ನು ಸ್ವಲ್ಪ ತಿಳಿದುಕೊಳ್ಳೋಣ. ನಮ್ಮ ಮಕ್ಕಳು ಇಂದಿಗೂ ಪಬ್‌ಜಿ ಎಂದೇ ಕರೆಯುವ ಆಟವನ್ನು ಕೇಂದ್ರ ಸರಕಾರ 2020ರ ಸೆಪ್ಟೆಂಬರ್‌ನಲ್ಲಿ ನಿಷೇಧಿಸಿತು. 2021ರ ಜುಲೈಯಲ್ಲಿ ಅದೇ ಆಟ 'ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ' ಎಂಬ ಹೆಸರಿನಲ್ಲಿ ಮರಳಿತು. 2022ರ ಜುಲೈಯಲ್ಲಿ ಮತ್ತೆ ಮಾಯವಾಗಿ, 2023ರ ಮೇ ತಿಂಗಳಲ್ಲಿ ಪುನಃ ಬಂತು. ಸಾಮಾನ್ಯವಾಗಿ ನೂರು ಮಂದಿ ವಿಮಾನದಿಂದ ಒಂದು ದ್ವೀಪಕ್ಕೆ ಇಳಿಯುತ್ತಾರೆ. ಹೆಚ್ಚಾಗಿ ನಾಲ್ಕು ನಾಲ್ಕು ಮಂದಿಯ ತಂಡಗಳು. ಸುರಕ್ಷಿತ ವೃತ್ತ ಚಿಕ್ಕದಾಗುತ್ತಾ ಹೋಗುತ್ತದೆ, ಒಬ್ಬೊಬ್ಬರೇ ಸಾಯುತ್ತಾರೆ, ಕೊನೆಯವರೆಗೆ ಉಳಿದ ತಂಡಕ್ಕೆ ಗೆಲುವು. ಒಂದು ಆಟಕ್ಕೆ ಹೆಚ್ಚೂಕಡಿಮೆ ಅರ್ಧ ಗಂಟೆ. ಈ ಗುಂಡಿನ ಸದ್ದು ನನಗೆ ಎಂದೂ ಹಿಡಿಸಿಲ್ಲ, ಹಿಡಿಸುವುದೂ ಇಲ್ಲ. ಅದು ಬೇರೆ ಮಾತು.

ನಿಮ್ಮ ಮಗ ಐದನೆಯ ನಿಮಿಷದಲ್ಲೇ ಸತ್ತನೆಂದಿಟ್ಟುಕೊಳ್ಳಿ. ಅವನ ಮುಂದೆ ಎರಡು ದಾರಿಗಳಿವೆ. ಹೊರಗೆ ಹೋಗಬಹುದು, ಅಥವಾ 'ಸ್ಪೆಕ್ಟೇಟ್' ಎಂಬ ಗುಂಡಿ ಒತ್ತಿ ಉಳಿದ ಮೂವರು ಗೆಳೆಯರ ಆಟ ನೋಡಬಹುದು. ಗುಂಡಿ ಒತ್ತಿದೊಡನೆ ಗೆಳೆಯನ ಪರದೆಯೇ ಇವನ ಪರದೆಯಾಗುತ್ತದೆ. ಅವನು ಎಲ್ಲಿ ಅಡಗಿದ್ದಾನೆ, ಯಾವ ಕಿಟಕಿಯಿಂದ ಇಣುಕುತ್ತಿದ್ದಾನೆ, ಎಲ್ಲವೂ ಕಾಣುತ್ತದೆ.

ಕಬಡ್ಡಿ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾದೀತು. ಔಟಾದವನು ಮನೆಗೆ ಹೋಗುತ್ತಾನೆಯೇ? ಗೆರೆಯಾಚೆ ಕುಳಿತು ತನ್ನವರ ಒಂದೊಂದು ಹೆಜ್ಜೆಯನ್ನೂ ನೋಡುತ್ತಾನೆ. ಎದ್ದು ಹೋದರೆ ಮರುದಿನ ತಂಡಕ್ಕೆ ಸೇರಿಸಿಕೊಳ್ಳುವವರಾರು? ನಿಮ್ಮ ಮಗನ ಸಂಕಟವೂ ಅಷ್ಟೇ. ಅವನ ಗೆಳೆಯರಲ್ಲಿ ಒಬ್ಬ ಪಕ್ಕದ ಓಣಿಯಲ್ಲಿರಬಹುದು, ಇನ್ನೊಬ್ಬ ಹೊಸಪೇಟೆಯ ಚಿಕ್ಕಪ್ಪನ ಮನೆಯಲ್ಲಿರಬಹುದು. ನೀವು ಮೊಬೈಲ್ ಕಸಿದುಕೊಂಡ ಕ್ಷಣ ಅವನು ಕಳೆದುಕೊಳ್ಳುವುದು ಆ ಗೆಳೆಯರ ಜೊತೆಯನ್ನು. ಅಷ್ಟೊಂದು ಸಿಟ್ಟು ಎಲ್ಲಿಂದ ಬರುತ್ತದೆ ಎಂದು ನೀವು ಆಶ್ಚರ್ಯಪಟ್ಟಿದ್ದರೆ, ಒಂದು ಕಾರಣ ಇದು.

ನೋಡುವ ಚಟ ಈ ಮಕ್ಕಳಿಂದ ಶುರುವಾದದ್ದಲ್ಲ. ಹಂಪಿಯ ಮಂಟಪಗಳಿಗೆ ಹೋದಾಗ ನೆಲದ ಕಲ್ಲುಹಾಸನ್ನು ಗಮನಿಸಿ, ಅಲ್ಲಲ್ಲಿ ಆಟದ ಮನೆಗಳನ್ನು ಕೊರೆದಿದ್ದಾರೆ. ಆಡಲು ಇಬ್ಬರು ಕುಳಿತರೆ ಸುತ್ತ ನಾಲ್ವರು ನಿಂತಿರದೆ ಇರುತ್ತಾರೆಯೇ? 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಅರಸ ಕುಳಿತು ನೋಡುತ್ತಿದ್ದ ಹಬ್ಬದ ಕುಸ್ತಿಗಳನ್ನು ಬಣ್ಣಿಸಿದ್ದಾನೆ. ನಮ್ಮ ಅಜ್ಜಂದಿರಂತೂ ಕ್ರಿಕೆಟನ್ನು ಕಣ್ಣಿನಿಂದಲ್ಲ, ರೇಡಿಯೊಗೆ ಕಿವಿಯಿಟ್ಟು 'ನೋಡಿದವರು'.

ವೀಡಿಯೊ ಗೇಮಿಗೆ ಪ್ರೇಕ್ಷಕರು ಕೂಡಿಬಂದದ್ದು ಇತ್ತೀಚೆಗೆ. ದಕ್ಷಿಣ ಕೊರಿಯಾದಲ್ಲಿ 2000ನೇ ಇಸವಿಯಲ್ಲಿ ಬರೀ ಗೇಮುಗಳಿಗಾಗಿಯೇ ಒಂದು ಟಿ.ವಿ. ವಾಹಿನಿ ಆರಂಭವಾಯಿತು. 2011ರಲ್ಲಿ ಶುರುವಾದ ಟ್ವಿಚ್ ಎಂಬ ನೇರಪ್ರಸಾರದ ತಾಣವನ್ನು ಮೂರೇ ವರ್ಷಗಳಲ್ಲಿ ಅಮೆಝಾನ್ ಕಂಪೆನಿ ಸುಮಾರು 97 ಕೋಟಿ ಡಾಲರ್ ಕೊಟ್ಟು ಕೊಂಡಿತು. ಬೇರೆಯವರ ಆಟ ನೋಡುವವರಿಂದ ಎಷ್ಟು ಗಳಿಸಬಹುದೆಂಬುದು ವ್ಯಾಪಾರಿಗಳಿಗೆ ನಮಗಿಂತ ಮುಂಚೆಯೇ ಗೊತ್ತಾಗಿತ್ತು! 2022ರಲ್ಲಿ ನಮ್ಮ ದೇಶದಲ್ಲಿ ಈ ಬ್ಯಾಟಲ್‌ಗ್ರೌಂಡ್ಸ್ ಪಂದ್ಯಾವಳಿಯನ್ನು ಸ್ಟಾರ್ ಸ್ಪೋರ್ಟ್ಸ್ ವಾಹಿನಿಯೇ ಪ್ರಸಾರ ಮಾಡಿತು. 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಇ-ಸ್ಪೋರ್ಟ್ಸ್‌ಗೆ ಪದಕಗಳನ್ನೂ ಕೊಟ್ಟರು.

ಮೆಚ್ಚಬೇಕಾದದ್ದನ್ನು ಮೆಚ್ಚಲೇಬೇಕು. ಗಮನವಿಟ್ಟು ನೋಡುವ ಹುಡುಗ ಕಲಿಯುತ್ತಾನೆ. ತನ್ನನ್ನು ಹೊಡೆದವನು ಎಲ್ಲಿ ಕಾದು ಕುಳಿತಿದ್ದ, ತಾನು ಎಲ್ಲಿ ದುಡುಕಿದೆ ಎಂದು ಲೆಕ್ಕ ಹಾಕುತ್ತಾನೆ. ಕುರೆಕುಪ್ಪದ ನೆರೆಯಲ್ಲೇ, ವಿದ್ಯಾನಗರದಲ್ಲಿ, 2018ರಲ್ಲಿ ತೆರೆದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ನೀರಜ್ ಚೋಪ್ರಾ ತರಬೇತಿ ಪಡೆದ ಜಾಗ ಅದು. ಇಂದಿನ ಕ್ರೀಡಾಪಟುಗಳೂ ತಮ್ಮ ಮತ್ತು ಎದುರಾಳಿಯ ಆಟದ ವೀಡಿಯೊಗಳನ್ನು ಮತ್ತೆ ಮತ್ತೆ ನೋಡಿಯೇ ತಪ್ಪು ತಿದ್ದಿಕೊಳ್ಳುತ್ತಾರೆ. ವ್ಯತ್ಯಾಸವಿಷ್ಟೇ, ನೋಡಿದ ಮೇಲೆ ಅವರು ಎದ್ದು ಮೈದಾನಕ್ಕೆ ಹೋಗುತ್ತಾರೆ.

ಇನ್ನೊಂದು ವಿಷಯ ನನಗೆ ಬಹಳ ಕುತೂಹಲದ್ದೆನಿಸಿತು. ನೋಡುವವನಿಗೂ ಒಂದು ಪ್ರಾಮಾಣಿಕತೆ ಬೇಕು. ಸತ್ತವನು ತನ್ನನ್ನು ಕೊಂದ ಎದುರಾಳಿಯ ಪರದೆ ನೋಡುತ್ತಾ, ಬದುಕಿರುವ ಗೆಳೆಯನಿಗೆ ಫೋನಿನಲ್ಲಿ "ಅವನು ಬಾಗಿಲ ಹಿಂದಿದ್ದಾನೆ" ಎಂದು ಪಿಸುಗುಟ್ಟಿದರೆ? ಅದು ಮೋಸ. ದೊಡ್ಡ ಪಂದ್ಯಾವಳಿಗಳ ನೇರಪ್ರಸಾರವನ್ನು ಬೇಕೆಂದೇ ಕೆಲವು ನಿಮಿಷ ತಡಮಾಡಿ ಬಿಡುವುದು ಇದೇ ಕಾರಣಕ್ಕೆ. ನಿಮ್ಮ ಮಗ ಇಂಥ ಸಂದರ್ಭದಲ್ಲಿ ಏನು ಮಾಡುತ್ತಾನೆಂದು ಒಮ್ಮೆ ಕೇಳಿ ನೋಡಿ. ಅಂಕಪಟ್ಟಿಯಲ್ಲಿ ಸಿಗದ ಕೆಲವು ಸಂಗತಿಗಳು ಆ ಉತ್ತರದಲ್ಲಿ ಸಿಗಬಹುದು.

ಹಾಗಾದರೆ ಚಿಂತೆಗೆ ಕಾರಣವೇ ಇಲ್ಲವೇ? ಇದೆ. ಆಟ ಮುಗಿಯುತ್ತದೆ, ನೋಡುವುದು ಮುಗಿಯುವುದಿಲ್ಲ. 2023ರಲ್ಲಿ ಮರಳಿ ಬಂದಾಗ ಈ ಆಟದಲ್ಲಿ 18 ವರ್ಷದೊಳಗಿನವರಿಗೆ ದಿನಕ್ಕೆ ಮೂರು ಗಂಟೆಯ ಮಿತಿ ಹಾಕಿದ್ದರು. ನಮ್ಮ ದೃಷ್ಟಿಯಲ್ಲಿ ಅದೇ ಹೆಚ್ಚು, ಇರಲಿ. ಆದರೆ ಆ ಮಿತಿ ಆಟದೊಳಗೆ ಮಾತ್ರ. ಅದೇ ಹುಡುಗ ಯೂಟ್ಯೂಬಿಗೆ ಹೋಗಿ ಅದೇ ಆಟವನ್ನು ಇನ್ನೊಬ್ಬ ಆಡುವುದನ್ನು ನೋಡಿದರೆ ಅದನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಒಂದು ವೀಡಿಯೊ ಮುಗಿಯುತ್ತಲೇ ಮುಂದಿನದು ತಾನಾಗಿ ಶುರುವಾಗುತ್ತದೆ. "ಆಡಬೇಡ" ಎಂದ ನಾವು "ನೋಡಬೇಡ" ಎಂದು ಹೇಳಿರುವುದಿಲ್ಲ. ಮಾತಿಗೆ ತಪ್ಪದೆಯೇ ಮಗು ರಾತ್ರಿ ಒಂದು ಗಂಟೆಯವರೆಗೆ ಎಚ್ಚರವಿರುತ್ತದೆ. ಮನೆಯಲ್ಲಿ ಹೊತ್ತು ಗೊತ್ತುಮಾಡುವಾಗ ಆಡುವ ಹೊತ್ತಿಗೆ ನೋಡುವ ಹೊತ್ತನ್ನೂ ಸೇರಿಸಿಯೇ ಮಾತು ತೆಗೆದುಕೊಳ್ಳಿ.

ನೇರಪ್ರಸಾರದ ಪಕ್ಕದಲ್ಲಿ ಸರಸರನೆ ಓಡುವ ಕಾಮೆಂಟುಗಳನ್ನೂ ಓದಿ. ಹೊಲಸು ಬೈಗುಳಗಳಿಗೆ ಅಲ್ಲಿ ಬರವಿಲ್ಲ. ಆಡುವವನ ಬಾಯಲ್ಲಿ ತಮ್ಮ ಹೆಸರು ಕೇಳಬೇಕೆಂದು ಹಣ ಕೊಟ್ಟು ಸಂದೇಶ ಕಳುಹಿಸುವ 'ಸೂಪರ್ ಚಾಟ್' ಎಂಬ ವ್ಯವಸ್ಥೆಯೂ ಇದೆ. ಅಪ್ಪನ ಫೋನ್‌ಪೇ ಪಿನ್ ಮಗನಿಗೆ ಗೊತ್ತಿದ್ದರೆ ಇಂದೇ ಬದಲಿಸಿ. ಇನ್ನು ಹಣ ಕಟ್ಟಿ ಆಡುವ ಆಟಗಳು. ಅವು ಯಾವ ಹೆಸರಿನಲ್ಲಿ ಬಂದರೂ ಜೂಜೇ ಎಂದು ನಮ್ಮ ಮನೆಗಳಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನು ಆನ್‌ಲೈನ್‌ನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿದೆ. ಇ-ಸ್ಪೋರ್ಟ್ಸ್‌ಗೆ ಅವಕಾಶ ಉಳಿಸಿದೆ. ಮಗು ನೋಡುವ ವಾಹಿನಿಯಲ್ಲಿ ಇನ್ನೂ ಯಾರಾದರೂ "ಈ ಲಿಂಕ್ ಒತ್ತಿ, ದುಡ್ಡು ಗಳಿಸಿ" ಎನ್ನುತ್ತಿದ್ದರೆ, ಆ ವಾಹಿನಿ ನಿಮ್ಮ ಮನೆಗೆ ಬೇಡ.

ಹೆಣ್ಣುಮಕ್ಕಳ ಮಾತನ್ನು ಮರೆತೆವಲ್ಲ! ಮೈದಾನದ ಬದಿಯಲ್ಲಿ ನಿಂತು ಅಣ್ಣನ ಕ್ರಿಕೆಟ್ ನೋಡುವ ಅವಕಾಶ ನಮ್ಮೂರುಗಳಲ್ಲಿ ಎಷ್ಟು ಹುಡುಗಿಯರಿಗೆ ಸಿಕ್ಕಿದೆ? ಈಗ ತಂಗಿ ಅಣ್ಣನ ಭುಜದ ಮೇಲಿಂದ ಇಣುಕಿ, "ಹಿಂದೆ ನೋಡೋ, ಹಿಂದೆ!" ಎಂದು ಕೂಗುತ್ತಾಳೆ. ಅವಳಿಗೆ ಆಟ ಅವನಷ್ಟೇ, ಕೆಲವೊಮ್ಮೆ ಅವನಿಗಿಂತ ಚೆನ್ನಾಗಿ ಅರ್ಥವಾಗಿರುತ್ತದೆ. ಅವಳನ್ನು ಮಾತ್ರ "ಒಳಗೆ ಬಂದು ರೊಟ್ಟಿ ಲಟ್ಟಿಸು" ಎಂದು ಕರೆಯುವ ಮುನ್ನ ಒಂದು ಗಳಿಗೆ ಯೋಚಿಸಿ. ಕರೆಯುವುದಾದರೆ ಇಬ್ಬರನ್ನೂ ಕರೆಯಿರಿ.

ನಾಳೆ ರಾತ್ರಿ ಮೊಬೈಲ್ ಕಸಿಯುವ ಬದಲು ಒಂದು ಆಟದ ಹೊತ್ತು ಮಗನ ಪಕ್ಕದಲ್ಲಿ ಕುಳಿತುಕೊಳ್ಳಿ. ಅವನಿಗೆ ಮುಜುಗರವಾದೀತು, "ನಿಮಗಿದು ಗೊತ್ತಾಗಲ್ಲ ಅಮ್ಮಿ" ಅಂದಾನು. ಆಟ ಬಲ್ಲವರಂತೆ ನಟಿಸಬೇಡಿ, ಉಪದೇಶವನ್ನೂ ಶುರುಮಾಡಬೇಡಿ. ಅವನು ಔಟಾಗುವವರೆಗೆ ಕಾಯಿರಿ. ಆಮೇಲೆ ಅವನಿಗೆ ಮಾತನಾಡಲು ಪುರುಸೊತ್ತಿರುತ್ತದೆ. ಪರದೆಯ ಮೂಲೆಯಲ್ಲಿ ಒಂದು ಅಂಕಿ ಇಳಿಯುತ್ತಾ ಹೋಗುತ್ತಿರುತ್ತದೆ. ಅದನ್ನು ತೋರಿಸಿ ಕೇಳಿ: "ಇನ್ನು ಎಷ್ಟು ಜನ ಉಳಿದಿದ್ದಾರೆ?"