ಮೂವತ್ತು ತಿಂಗಳ ಲೆಕ್ಕ

ಬೈಲಹೊಂಗಲದ ಕಡೆಯಿಂದ ಬೆಂಗಳೂರಿಗೆ ಹೊರಡುವ ರಾತ್ರಿ ಬಸ್ಸುಗಳಲ್ಲಿ ಈಚಿನ ವರ್ಷಗಳಲ್ಲಿ ಹೊಸ ಬಗೆಯ ಪ್ರಯಾಣಿಕರು ಕಾಣಸಿಗುತ್ತಾರೆ. ಐವತ್ತೈದು, ಅರವತ್ತು ದಾಟಿದ ಹೆಂಗಸರು. ಕೈಯಲ್ಲಿ ಜೋಳದ ಹಿಟ್ಟಿನ ಚೀಲ, ಶೇಂಗಾ ಚಟ್ನಿಯ ಡಬ್ಬಿ, ಹಳೆಯ ಸೀರೆಗಳಿಂದ ಹೊಲಿದ ಪುಟ್ಟದೊಂದು ಕೌದಿ. ಆ ಕೌದಿಯನ್ನು ನೋಡಿದ ಮೇಲೆ ಎಲ್ಲಿಗೆ, ಏತಕ್ಕೆ ಎಂದು ಕೇಳಬೇಕಾಗಿಲ್ಲ. ಮಗಳದೋ ಸೊಸೆಯದೋ ಹೆರಿಗೆ ರಜೆ ಮುಗಿದಿದೆ. ಕೂಸನ್ನು ನೋಡಿಕೊಳ್ಳಲು ಇವರು ಹೊರಟಿದ್ದಾರೆ. ಬ್ರಿಟಿಷರ ಕಾಲದಲ್ಲಿ ಒಂದು ತಾಲ್ಲೂಕಿಗೇ ತನ್ನ ಹೆಸರನ್ನು ಕೊಟ್ಟಿದ್ದ ಸಂಪಗಾಂವದಿಂದ, ನಮ್ಮ ಮನೆಯಿಂದಲೇ, ಹದಿನಾಲ್ಕು ತಿಂಗಳ ಹಿಂದೆ ಹಾಗೊಬ್ಬರು ಹೊರಟರು. ನನ್ನ ಹೆಂಡತಿ. ನಿವೃತ್ತಿಯ ನಂತರ ಇಬ್ಬರೂ ಊರಲ್ಲಿರೋಣವೆಂದು ಹಳೆಯ ಮನೆಯನ್ನು ದುರಸ್ತಿ ಮಾಡಿಸಿದ್ದೆವು. ಈಗ ಆ ಮನೆಯಲ್ಲಿ ನಾನೊಬ್ಬ. ತಿಂಗಳಿಗೆ ಹತ್ತು ದಿನ ನಾನೂ ಬೆಂಗಳೂರಿನ ಬಸ್ಸು ಹತ್ತುತ್ತೇನೆ.

ಮೊಮ್ಮಗಳಿಗೆ ಈಗ ಇಪ್ಪತ್ತು ತಿಂಗಳು. ಅವಳು ನಡೆಯುವುದಿಲ್ಲ, ಓಡುತ್ತಾಳೆ. ಬೆಳಿಗ್ಗೆ ಆರಕ್ಕೆ ಎದ್ದವಳು ಮೊದಲು ಅಡುಗೆಮನೆಯ ಕೆಳಗಿನ ಕಪಾಟುಗಳನ್ನು ತಪಾಸಣೆ ಮಾಡುತ್ತಾಳೆ. ಬೇಳೆಯನ್ನು ಅಕ್ಕಿಯ ಡಬ್ಬಿಗೆ, ಅಜ್ಜನ ಕನ್ನಡಕವನ್ನು ಬೇಳೆಯ ಡಬ್ಬಿಗೆ ಹಾಕುತ್ತಾಳೆ. ಗ್ಯಾಸ್ ಒಲೆಯ ಗುಬ್ಬಿ ತಿರುಗುತ್ತದೆಂದು ಕಂಡುಹಿಡಿದ ದಿನದಿಂದ ಸಿಲಿಂಡರಿನ ಕೀಲಿಯನ್ನೇ ಮುಚ್ಚಿಡುವ ರೂಢಿ ಮನೆಯಲ್ಲಿ ಬಂದಿದೆ. ವಾರದಲ್ಲಿ ಎರಡು ದಿನ ಮಗಳು ಮನೆಯಿಂದಲೇ ಕೆಲಸ ಮಾಡುತ್ತಾಳೆ. ಹೆಸರಿಗೆ ಅದು ಅನುಕೂಲ. ಬಾಗಿಲು ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕುಳಿತ ತಾಯಿ ಆ ಬಾಗಿಲ ಹಿಂದೆಯೇ ಇದ್ದಾಳೆಂದು ಕೂಸಿಗೆ ಗೊತ್ತು. ಬಾಗಿಲು ಬಡಿಯುತ್ತ ಕೂರುತ್ತದೆ. ಒಳಗೆ ಯಾವುದೋ ದೇಶದ ಗ್ರಾಹಕರಿಗೆ ಲೆಕ್ಕ ಒಪ್ಪಿಸುತ್ತಿರುವ ನನ್ನ ಮಗಳ ಮುಖ ಆಗ ಹೇಗಿರುತ್ತದೆ ಎಂಬುದನ್ನು ಒಮ್ಮೆ ಕಿಟಕಿಯಿಂದ ನೋಡಿದೆ. ಕಚೇರಿಗೆ ಹೋಗುವ ಮೂರು ದಿನಗಳೇ ಅವಳಿಗೆ ಹಗುರವೆಂದು ಅಂದಿನಿಂದ ನಂಬಿದ್ದೇನೆ. ಅಳಿಯ ಒಳ್ಳೆಯವನು, ಕೂಸಿಗೆ ಸ್ನಾನ ಮಾಡಿಸುತ್ತಾನೆ, ಉಣಿಸುತ್ತಾನೆ. ನಾನು ಇದ್ಯಾವುದನ್ನೂ ಮಾಡಿದವನಲ್ಲ. ಮೊಮ್ಮಗಳ ಹಿಂದೆ ಅರ್ಧ ದಿನ ಓಡಿ ಸುಸ್ತಾಗಿ ಕುಳಿತಾಗ, ನಮ್ಮ ಮಕ್ಕಳು ಇಷ್ಟು ಗದ್ದಲ ಮಾಡಲಿಲ್ಲವಲ್ಲ ಎಂದೆ. ಹೆಂಡತಿ ನಕ್ಕಳು. ‘ಮಾಡತಿದ್ರು. ನೀವು ದೌರೆದಾಗ ಇರತಿದ್ರಿ’ ಎಂದಳು.

ಅರ್ಥಶಾಸ್ತ್ರ ಓದಿದವನ ಚಟ, ಕುಳಿತಲ್ಲಿ ಲೆಕ್ಕ ಹಾಕಿದೆ. 2017ರ ತಿದ್ದುಪಡಿ ಹೆರಿಗೆ ರಜೆಯನ್ನು ಹನ್ನೆರಡು ವಾರಗಳಿಂದ ಇಪ್ಪತ್ತಾರು ವಾರಗಳಿಗೆ ಏರಿಸಿತು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನೇ ಉಳಿಸಿಕೊಂಡಿದೆ. ಎಂದರೆ ಆರು ತಿಂಗಳು. ಇತ್ತ ಅಂಗನವಾಡಿಯಲ್ಲಿ ಮಗುವನ್ನು ಕೂರಿಸಿಕೊಂಡು ಆಡಿಸಿ ಕಲಿಸುವ ವ್ಯವಸ್ಥೆ ಇರುವುದು ಮೂರು ತುಂಬಿದವರಿಗೆ; ಅದಕ್ಕಿಂತ ಚಿಕ್ಕವರಿಗೆ ಪೌಷ್ಟಿಕ ಆಹಾರದ ಪೊಟ್ಟಣ ಮನೆಗೆ ಬರುತ್ತದೆ, ಚುಚ್ಚುಮದ್ದು ಸಿಗುತ್ತದೆ, ತೂಕ ನೋಡುತ್ತಾರೆ. ನಗರದ ಖಾಸಗಿ ನರ್ಸರಿಗಳೂ ಹೆಚ್ಚುಕಡಿಮೆ ಇದೇ ವಯಸ್ಸಿಗೆ ಬಾಗಿಲು ತೆರೆಯುತ್ತವೆ. ಆರು ತಿಂಗಳಿಂದ ಮೂವತ್ತಾರು ತಿಂಗಳವರೆಗೆ, ನಡುವಿನ ಮೂವತ್ತು ತಿಂಗಳು, ಮಗು ಯಾರದು? ತೆವಳಿ, ಎದ್ದು, ಓಡಿ, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವ, ಒಂದು ನಿಮಿಷವೂ ಕಣ್ಣು ತಪ್ಪಿಸಲಾಗದ ಕಾಲ ಅದು. ಸರ್ಕಾರದ ದಫ್ತರದಲ್ಲಿ ಆ ಕಾಲಕ್ಕೆ ಅಂಕಣವೇ ಇಲ್ಲ.

ಇದು ನಗರದ ಸಂಬಳದಾರರ ಕೊರಗು ಮಾತ್ರವೆಂದು ಯಾರಾದರೂ ಭಾವಿಸಿದರೆ ಅವರನ್ನು ನಮ್ಮ ಹೊಲಕ್ಕೆ ಕರೆದೊಯ್ಯುತ್ತೇನೆ. ಬೈಲಹೊಂಗಲ, ಕಿತ್ತೂರು ಭಾಗದಲ್ಲಿ ಸೋಯಾ ಕಟಾವು, ಸವದತ್ತಿ, ರಾಮದುರ್ಗದ ಎರೆ ಹೊಲಗಳಲ್ಲಿ ಹತ್ತಿ ಬಿಡಿಸುವುದು, ಎಲ್ಲ ಕಡೆಯೂ ಕಳೆ ತೆಗೆಯುವುದು: ಇವೆಲ್ಲ ಬಹುಮಟ್ಟಿಗೆ ಹೆಂಗಸರ ಕೆಲಸ. ಕೂಸು ಎಳೆಯದಿದ್ದಾಗ ಬೇವಿನ ಮರಕ್ಕೆ ಸೀರೆಯ ಜೋಳಿಗೆ ಕಟ್ಟಿ ಮಲಗಿಸುತ್ತಾರೆ; ಸಾಲು ಮುಗಿಸಿ ಬಂದವಳು ಒಮ್ಮೆ ತೂಗಿ ಹೋಗುತ್ತಾಳೆ. ಕೂಸು ನಡೆಯಲು ಕಲಿತ ದಿನ ಜೋಳಿಗೆಯ ಉಪಾಯ ಮುಗಿಯಿತು. ಹೊಲದಲ್ಲಿ ಬಾವಿ ಇದೆ, ಕೃಷಿ ಹೊಂಡವಿದೆ, ಬದುವಿನಲ್ಲಿ ಹಾವಿದೆ, ಮಲಪ್ರಭೆಯ ಕಾಲುವೆ ಹರಿಯುವಲ್ಲಿ ಕಾಲುವೆಯೂ ಇದೆ. ಆಗ ಅಜ್ಜಿ ಗಟ್ಟಿ ಇದ್ದರೆ ಅಜ್ಜಿ, ಇಲ್ಲವಾದರೆ ಎಂಟು-ಹತ್ತು ವರ್ಷದ ಅಕ್ಕ ಶಾಲೆ ಬಿಟ್ಟು ಟೊಂಕದ ಮೇಲೆ ತಮ್ಮನನ್ನು ಹೊರುತ್ತಾಳೆ. ಸುಗ್ಗಿಯ ದಿನಗಳಲ್ಲಿ ಶಾಲೆಯ ಹಾಜರಿ ಪುಸ್ತಕದಲ್ಲಿ ಹುಡುಗಿಯರ ಹೆಸರಿನ ಮುಂದೆ ಬೀಳುವ ಗೈರುಹಾಜರಿಯಲ್ಲಿ ಎಷ್ಟು ಪಾಲು ಈ ತಮ್ಮಂದಿರದೆಂದು ನಾವು ಕೇಳಿದ್ದೇ ಕಡಿಮೆ.

ನಾನೂ ಕೇಳಲಿಲ್ಲ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. ತೊಂಬತ್ತರ ದಶಕದಲ್ಲಿ ನಾನು ಹಳ್ಳಿಗಳಿಗೆ ಹೋಗುವ ಹೊತ್ತಿಗೆ ಅದು ಎಲ್ಲೆಡೆ ಹಬ್ಬಿತ್ತು. ಒಂದೂರಿನಲ್ಲಿ ಅಂಗನವಾಡಿಯ ಮಕ್ಕಳನ್ನು ಎಣಿಸಿ, ವಹಿಯಲ್ಲಿದ್ದ ಸಂಖ್ಯೆಗೆ ಸರಿಹೊಂದಿದ್ದಕ್ಕೆ ಸಂತೋಷಪಟ್ಟು ಹೊರಬಂದಾಗ ಒಬ್ಬ ಕೂಲಿ ಹೆಣ್ಣುಮಗಳು ಅಡ್ಡ ನಿಂತಳು. ಟೊಂಕದ ಮೇಲಿನ ಹುಡುಗ ಇಳಿಯಲು ಒದ್ದಾಡುತ್ತಿದ್ದ. ‘ಇವನ್ನೂ ಕೂಡ್ರಿಸಿಕೊಳ್ಳಾಕ ಹೇಳ್ರಿ ಸಾಹೇಬ್ರ’ ಎಂದಳು. ವಯಸ್ಸು ಕೇಳಿದೆ, ಒಂದೂವರೆ. ಮೂರು ತುಂಬಿದ ಮೇಲೆ ಕರೆದುಕೊಂಡು ಬಾ ಎಂದೆ. ‘ಅಲ್ಲೀತನಕ ನಾ ಏನ್ ಮಾಡ್ಲಿರೀ?’ ಎಂದು ಆಕೆ ಕೇಳುವಷ್ಟರಲ್ಲಿ ನಾನು ಜೀಪಿನಲ್ಲಿ ಕುಳಿತಿದ್ದೆ. ನಿಯಮದ ಪ್ರಕಾರ ನಾನು ಕೊಟ್ಟ ಉತ್ತರ ಸರಿಯಾಗಿತ್ತು.

ಈ ದುಡಿಮೆ ದೇಶದ ಲೆಕ್ಕಕ್ಕೆ ಸೇರುವುದಿಲ್ಲವೆಂಬ ಮಾತು ಹೊಸತಲ್ಲ. 1920ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಎ.ಸಿ. ಪಿಗೂ ಇದೇ ವೈಚಿತ್ರ್ಯವನ್ನು ತೋರಿಸಿದ್ದ: ಒಬ್ಬಾತ ತನ್ನ ಮನೆಗೆಲಸದಾಕೆಯನ್ನು ಮದುವೆಯಾದರೆ ರಾಷ್ಟ್ರೀಯ ವರಮಾನ ಅಷ್ಟರಮಟ್ಟಿಗೆ ಇಳಿಯುತ್ತದೆ. ತರಗತಿಯಲ್ಲಿ ನಾವಿದಕ್ಕೆ ನಕ್ಕಿದ್ದೆವು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯನ್ನು ಓದಿದಾಗ ನಗು ಬರಲಿಲ್ಲ. ಮನೆಯವರ ಆರೈಕೆಯಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 137 ನಿಮಿಷವನ್ನು ಅದಕ್ಕೆ ಕೊಡುತ್ತಾರೆ, ಗಂಡಸರು 75. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದವರ ಪೈಕಿ ಹೆಂಗಸರಿಗೆ 289 ನಿಮಿಷ, ಗಂಡಸರಿಗೆ 88. ನನ್ನ ಹೆಂಡತಿ ಇಂದು ಮಾಡುತ್ತಿರುವುದನ್ನು ಸಂಬಳದ ಆಯಾ ಮಾಡಿದ್ದರೆ ಅದು ಆದಾಯ; ಅಜ್ಜಿ ಮಾಡಿದರೆ ಅಕ್ಕರೆ. ಅಕ್ಕರೆ ಇಲ್ಲವೆಂದಲ್ಲ, ಬೇಕಾದಷ್ಟಿದೆ. ಆದರೆ ಮಗಳ ಸಂಬಳ, ಆಕೆಯ ಕಂಪನಿಯ ಲಾಭ, ಸರ್ಕಾರಕ್ಕೆ ಹೋಗುವ ತೆರಿಗೆ ಇವೆಲ್ಲ ನಿಂತಿರುವುದು ಸಂಪಗಾಂವದಿಂದ ಬಂದ ಒಬ್ಬ ಅರವತ್ತೆರಡರ ಹೆಂಗಸಿನ ಮಂಡಿಗಳ ಮೇಲೆ.

ಕಾನೂನಿನಲ್ಲಿ ಏನೂ ಇಲ್ಲವೆನ್ನಲಾಗದು. ಐವತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರ ಒದಗಿಸಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಹೋಗಿ ಮಗುವನ್ನು ನೋಡಬಹುದು ಎಂದು 2017ರ ತಿದ್ದುಪಡಿಯೇ ಹೇಳಿತ್ತು. ಆದರೆ ಬೆಂಗಳೂರಿನ ಸಂಚಾರದಲ್ಲಿ ಇಪ್ಪತ್ತು ತಿಂಗಳ ಕೂಸನ್ನು ಒಂದೂವರೆ ಗಂಟೆ ಕಚೇರಿಗೆ ಕರೆದೊಯ್ಯುವ ತಾಯಿ ಯಾರು? ಕೇಂದ್ರ ಬೇಕಾದುದು ಮನೆಯ ಬಳಿ. ರಜೆಯ ಅವಧಿಯ ಸಂಬಳವನ್ನೂ ಕೇಂದ್ರದ ಖರ್ಚನ್ನೂ ಒಬ್ಬ ಮಾಲೀಕನ ತಲೆಗೆ ಕಟ್ಟಿದರೆ ಆತ ಮದುವೆಯಾದ ತರುಣಿಯನ್ನು ನೇಮಿಸಿಕೊಳ್ಳಲು ಹಿಂದೆಮುಂದೆ ನೋಡುತ್ತಾನೆ. ಇದು ಸಮಾಜ ಒಟ್ಟಾಗಿ ಹೊರಬೇಕಾದ ಖರ್ಚು ಎಂಬುದು ನನ್ನ ಅಭಿಪ್ರಾಯ.

ಹಳ್ಳಿಯ ಮಟ್ಟಿಗೆ ನಮ್ಮ ರಾಜ್ಯ ಒಂದು ಒಳ್ಳೆಯ ಹೆಜ್ಜೆ ಇಟ್ಟಿತು. 2023-24ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ಯನ್ನು ಘೋಷಿಸಲಾಯಿತು, ಹೆಸರೂ ಚೆನ್ನಾಗಿದೆ. ಇಂಥದು ಸಾಧ್ಯವೆಂದು ತೋರಿಸಿದವರು ಹಿಂದೆಯೂ ಇದ್ದರು. ಗಾಂಧೀ ಶತಮಾನೋತ್ಸವದ 1969ರಲ್ಲಿ, ದೆಹಲಿಯಲ್ಲಿ ಕಟ್ಟಡ ಕಾರ್ಮಿಕರ ಮಕ್ಕಳು ಮಣ್ಣಿನಲ್ಲಿ ಹೊರಳುವುದನ್ನು ಕಂಡು ಮೀರಾ ಮಹಾದೇವನ್ ಕೆಲಸ ನಡೆಯುವಲ್ಲಿಯೇ ಡೇರೆಯಲ್ಲಿ ಶಿಶುಕೇಂದ್ರ ತೆರೆದರು. ‘ಮೊಬೈಲ್ ಕ್ರೆಶಸ್’ ಸಂಸ್ಥೆ ಹುಟ್ಟಿದ್ದು ಹಾಗೆ. ಕೆಲಸ ಇರುವಲ್ಲಿಗೆ ಕೇಂದ್ರ ಹೋಗಬೇಕೆಂಬ ಆ ತತ್ವ ಇಂದಿಗೂ ಮುಖ್ಯ. ಸುಗ್ಗಿಯಲ್ಲಿ ಹೆಂಗಸರು ಬೆಳಿಗ್ಗೆ ಏಳಕ್ಕೆ ಟ್ರ್ಯಾಕ್ಟರು ಹತ್ತುತ್ತಾರೆ. ಕೂಸಿನ ಮನೆ ಕಚೇರಿ ವೇಳೆಗೆ ತೆರೆದು ಕಚೇರಿ ವೇಳೆಗೆ ಮುಚ್ಚಿದರೆ ಕೂಸು ಮತ್ತೆ ಅಕ್ಕನ ಟೊಂಕಕ್ಕೇ ಬರುತ್ತದೆ. ಅಲ್ಲಿ ದುಡಿಯುವವರಿಗೆ ವರ್ಷಪೂರ್ತಿ, ಮರ್ಯಾದೆಯ ಸಂಬಳ ಬೇಕು. ಇಪ್ಪತ್ತು ಓಡುವ ಕೂಸುಗಳನ್ನು ಇಬ್ಬರು ನೋಡಿಕೊಳ್ಳಲಾರರು. ಒಂದೇ ಕೂಸಿಗೆ ನಾವಿಬ್ಬರು ಸಾಲದೆ ಹೋಗಿದ್ದೇವೆ.

ಸ್ವೀಡನ್ನಿನಲ್ಲಿ ತಂದೆತಾಯಿಯರಿಗೆ ಸೇರಿ 480 ದಿನಗಳ ಸಂಬಳದ ರಜೆ ಇದೆ. 2024ರ ಜುಲೈನಿಂದ ಅದರಲ್ಲಿ ಒಬ್ಬೊಬ್ಬರು 45 ದಿನಗಳವರೆಗೆ ಬೇರೊಬ್ಬರಿಗೆ, ಅಜ್ಜ-ಅಜ್ಜಿಯರಿಗೂ, ಬಿಟ್ಟುಕೊಡಬಹುದು. ಅಷ್ಟು ಸಿರಿವಂತಿಕೆ ನಮ್ಮಲ್ಲಿಲ್ಲ, ನಿಜ. ಅಜ್ಜಿ ಮಾಡುತ್ತಿರುವುದು ಕೆಲಸವೆಂದು ಒಪ್ಪಿಕೊಳ್ಳಲು ಸಿರಿವಂತಿಕೆ ಬೇಕಿಲ್ಲ. ಇದನ್ನು ಹೆಂಡತಿಗೆ ಓದಿ ಹೇಳಿದೆ. ‘ನಲವತ್ತೈದು ದಿನಾನ?’ ಎಂದಳು, ಅಷ್ಟೆ.

ಹೋದ ಬಾರಿ ಬೆಂಗಳೂರಿಗೆ ಹೋದಾಗ ಅವಳನ್ನು ಮೂಳೆಯ ವೈದ್ಯರ ಬಳಿ ಕರೆದೊಯ್ದೆ. ಎಡ ಮಂಡಿಗೆ ಶಸ್ತ್ರಚಿಕಿತ್ಸೆ ಆಗಬೇಕು, ನಂತರ ಮೂರು ತಿಂಗಳು ಭಾರ ಎತ್ತಬಾರದು ಎಂದರು. ಯಾವಾಗ ಬರುತ್ತೀರಿ ಎಂದು ವೈದ್ಯರು ಕೇಳಿದರು. ನಾನು ಡೈರಿ ತೆಗೆಯುವಷ್ಟರಲ್ಲಿ ಅವಳೇ ಉತ್ತರ ಕೊಟ್ಟಳು: ‘ಕೂಸಿಗೆ ಮೂರು ತುಂಬಲಿರೀ ಡಾಕ್ಟ್ರ, ಆಮ್ಯಾಲ ಬರತೇನಿ.’