ಕಂಪೈಲರಿನ ಕೈಪಿಡಿಗೆ ಒಪ್ಪವಿಡುವುದು

ಬೊರಿವಲಿಯಲ್ಲಿ ಬೆಳೆದ ಕನ್ನಡಿಗ ತರುಣನೊಬ್ಬ, ಇಂಜಿನಿಯರಿಂಗ್ ವಿದ್ಯಾರ್ಥಿ, ಒಂದು ಪ್ರಶ್ನೆಯನ್ನು ಕಳುಹಿಸಿದ್ದಾನೆ. ಹೆಸರಾಂತ ಕಂಪೈಲರೊಂದರ ನಿರ್ಮಾಣದಲ್ಲಿ ತಾನೂ ಕೈಜೋಡಿಸಬೇಕೆಂಬ ಉತ್ಸಾಹದಿಂದ ಹೋದ ಅವನಿಗೆ, ಆ ಕೆಲಸದಲ್ಲಿ ಪಳಗಿದವರು ಮೊದಲು ವಹಿಸಿಕೊಟ್ಟದ್ದು ಕೈಪಿಡಿಯ ಪುಟಗಳಲ್ಲಿ ಅಕ್ಷರವಿನ್ಯಾಸದ ದೋಷಗಳನ್ನು ತಿದ್ದುವ ಕಾರ್ಯವನ್ನಂತೆ. “ಇಲ್ಲೊಂದು ಅಡ್ಡಗೀಟು, ಅಲ್ಲೊಂದು ಉದ್ಧರಣಚಿಹ್ನೆ ತಿದ್ದುವುದರಲ್ಲಿ ವಿಜ್ಞಾನವೇನು ಬಂತು, ಸರ್?” ಎಂಬುದು ಅವನ ಆಕ್ಷೇಪ. ಕಂಪೈಲರ್ ಎಂದರೇನೆಂಬುದು ಅವನಿಗೆ ತಿಳಿದೇ ಇದೆ. ವಾಚಕರಲ್ಲಿಯೂ ಬಹುಮಂದಿಗೆ ತಿಳಿದಿರುವುದರಿಂದ ಅದರ ಪೀಠಿಕೆಯನ್ನು ಬಿಟ್ಟು ನೇರವಾಗಿ ಕೈಪಿಡಿಗೇ ಬರೋಣ.

ಈ ತರುಣನು ದಿನವೂ ಕಾಣುವ ಲೋಕಲ್ ಗಾಡಿಗಳ ಇಂಡಿಕೇಟರನ್ನೇ ತೆಗೆದುಕೊಳ್ಳಿ. ಚರ್ಚ್‌ಗೇಟಿನ ಸಂಜೆಯ ಜನಸಮ್ಮರ್ದದಲ್ಲಿ ತಲೆಯೆತ್ತಿ ನೋಡುವ ಪ್ರಯಾಣಿಕನಿಗೆ ಅಕ್ಷರ ಕೂಡಿಸಿ ಓದುವಷ್ಟು ವ್ಯವಧಾನವೆಲ್ಲಿ? ಗಮ್ಯಸ್ಥಾನದ ಸಂಕ್ಷೇಪಾಕ್ಷರ ಇಂಥ ಕಡೆ, ವೇಳೆ ಇಂಥ ಕಡೆ, ಡಬ್ಬಿಗಳ ಸಂಖ್ಯೆ ಇಂಥ ಕಡೆ, ಫಾಸ್ಟೋ ಸ್ಲೋವೋ ಎಂಬುದನ್ನು ಸೂಚಿಸುವ ‘ಎಫ್’ ಅಥವಾ ‘ಎಸ್’ ಎಂಬ ಏಕಾಕ್ಷರ ಇಂಥ ಕಡೆ ಎಂದು ಅವನ ಕಣ್ಣಿಗೆ ವರ್ಷಗಳ ಅಭ್ಯಾಸದಿಂದ ಖಚಿತವಾಗಿರುವುದರಿಂದ, ಅರೆಕ್ಷಣದ ದೃಷ್ಟಿಪಾತದಲ್ಲಿಯೇ ಅವನು ಪ್ಲಾಟ್‌ಫಾರ್ಮನ್ನು ನಿರ್ಧರಿಸಿ ಓಡುತ್ತಾನೆ. ಈಗ ಆ ಏಕಾಕ್ಷರವು ತನ್ನ ಮನೆಯನ್ನು ಬಿಟ್ಟು ಕೆಳಗಿನ ಸಾಲಿಗೆ ಜಾರಿತೆನ್ನಿ. ಅಥವಾ ಡಬ್ಬಿಗಳ ಹನ್ನೆರಡು ವೇಳೆಯ ಅಂಕಿಗೆ ಅಂಟಿಕೊಂಡಿತೆನ್ನಿ. ಫಲಕದ ಮೇಲಿರುವ ಅಕ್ಷರಗಳಲ್ಲಿ ಯಾವುದೂ ಸುಳ್ಳಲ್ಲ. ಆದರೂ ದಾದರ್ ಬಿಟ್ಟರೆ ಬಾಂದ್ರಾ, ಅಂಧೇರಿ, ಬೊರಿವಲಿ ಎಂದು ನಂಬಿ ಹತ್ತಿದ ಮನುಷ್ಯ ಮಹಾಲಕ್ಷ್ಮಿ, ಲೋವರ್ ಪರೇಲ್, ಮಾಟುಂಗಾ ರೋಡ್, ಮಾಹಿಮ್ ಎಂದು ಪ್ರತಿ ನಿಲ್ದಾಣಕ್ಕೂ ನಮಸ್ಕರಿಸುತ್ತ ಸಾಗುವ ಗಾಡಿಯಲ್ಲಿ ನಿಂತಿರುತ್ತಾನೆ. ಕಂಪೈಲರಿನ ಕೈಪಿಡಿಯನ್ನು ಜನ ತೆರೆಯುವುದೂ ಇಂಥದೇ ಅವಸರದಲ್ಲಿ; ಅದನ್ನು ಕಾದಂಬರಿಯಂತೆ ಮೊದಲಿಂದ ಕಡೆಯವರೆಗೆ ಓದಿದ ಪುಣ್ಯಾತ್ಮರನ್ನು ನಾನಂತೂ ಕಂಡಿಲ್ಲ.

ನಿದರ್ಶನಕ್ಕೆ ಜಿಸಿಸಿ ಎಂಬ ಪ್ರಸಿದ್ಧ ಕಂಪೈಲರಿನ ಆಜ್ಞೆಗಳನ್ನು ನೋಡಬಹುದು. ಅಡ್ಡಗೀಟಿನ ಮುಂದೆ ಇಂಗ್ಲಿಷಿನ ದೊಡ್ಡ ‘ಐ’ ಬರೆದರೆ ಶಿರೋಕಡತಗಳನ್ನು ಎಲ್ಲಿ ಹುಡುಕಬೇಕೆಂದು ಹೇಳಿದಂತೆ. ಚಿಕ್ಕ ‘ಎಲ್’ ಬರೆದರೆ ಯಾವ ಲೈಬ್ರರಿಯನ್ನು ಜೋಡಿಸಬೇಕೆಂದು ಹೇಳಿದಂತೆ. ಪತ್ರಿಕೆಗಳಲ್ಲಿ ಬಳಸುವ ಎಷ್ಟೋ ಅಚ್ಚುಗಳಲ್ಲಿ ಇವೆರಡೂ ಒಂದೇ ನೇರ ಗೀಟು. ಒಂದು ಎಂಬ ಅಂಕಿಯೂ ಅಲ್ಲಿಗೇ ಸಮೀಪ. ಸಂಕೇತದ ಪರಿಷ್ಕರಣವೇ (ಆಪ್ಟಿಮೈಸೇಶನ್) ಬೇಡವೆನ್ನಲು ದೊಡ್ಡ ‘ಓ’ ಅಕ್ಷರದ ಪಕ್ಕದಲ್ಲಿ ಸೊನ್ನೆಯನ್ನಿಡಬೇಕು. ಸಾಧಾರಣ ಅಚ್ಚಿನಲ್ಲಿ ಅದು ಎರಡು ಸೊನ್ನೆಯೋ ಎರಡು ಅಕ್ಷರವೋ ಎಂದು ಹೇಳುವುದು ಕಷ್ಟ. ಚಿಕ್ಕ ‘ಓ’ ಬರೆದರಂತೂ ಅರ್ಥವೇ ಬೇರೆ, ಅದು ಫಲಿತಕಡತಕ್ಕೆ ಹೆಸರಿಡುವ ಆಜ್ಞೆ. ಎಲ್ಲ ಅಕ್ಷರಗಳಿಗೂ ಸಮಾನವಾದ ಅಗಲವಿರುವ ಅಚ್ಚಿನಲ್ಲಿ ಇಂಥವನ್ನು ಮುದ್ರಿಸುವ ಪದ್ಧತಿ ಅಲಂಕಾರಕ್ಕಾಗಿ ಹುಟ್ಟಿದ್ದಲ್ಲವೆಂದು ಇದರಿಂದ ತಿಳಿಯುತ್ತದೆ.

ಅಡ್ಡಗೀಟಿನ ಕಥೆ ಇನ್ನೂ ಸ್ವಾರಸ್ಯದ್ದು. ಹಲವು ಆಜ್ಞೆಗಳು ಎರಡು ಗೀಟುಗಳಿಂದ ಆರಂಭವಾಗುತ್ತವೆ. ಆದರೆ ದಾಖಲೆಗಳನ್ನು ಸಿದ್ಧಪಡಿಸುವ ಟೆಕ್ಸಿನ್ಫೋ ಮತ್ತು ಸ್ಫಿಂಕ್ಸ್‌ನಂಥ ತಂತ್ರಾಂಶಗಳು, ಸಾಮಾನ್ಯ ಗದ್ಯದ ನಡುವೆ ಎರಡು ಗೀಟು ಕಂಡರೆ, ಲೇಖಕನು ಮುದ್ರಣದ ಉದ್ದಗೀಟನ್ನು ಬಯಸಿದನೆಂದು ಊಹಿಸಿ, ಅವನ್ನು ಬೆಸೆದು ಒಂದಾಗಿಸಿಬಿಡುತ್ತವೆ. ಪುಟ ನೋಡಲು ಸುಂದರವೇ. ಓದುಗನು ಅದನ್ನು ಅಲ್ಲಿಂದ ನಕಲಿಸಿ ಟರ್ಮಿನಲ್ಲಿಗೆ ಅಂಟಿಸಿದಾಗ ಮಾತ್ರ, ಆ ಉದ್ದಗೀಟನ್ನು ಕಂಪೈಲರು ಆಜ್ಞೆಯೆಂದು ಗುರುತಿಸದೆ ಕಡತದ ಹೆಸರೆಂದು ಭಾವಿಸಿ, ಅಂಥ ಕಡತವಿಲ್ಲವೆಂದು ಗೊಣಗುತ್ತದೆ. ಇಂಥ ಆಜ್ಞೆಗಳನ್ನು ಒಂದೊಂದಾಗಿ ಹುಡುಕಿ, ‘ಇದು ಗದ್ಯವಲ್ಲ, ಯಂತ್ರಕ್ಕೆ ಹೇಳುವ ಮಾತು’ ಎಂಬ ಗುರುತು ಹಾಕುವುದೇ ನಮ್ಮ ತರುಣನಿಗೆ ವಹಿಸಿರಬಹುದಾದ ಕೆಲಸ.

ಈ ಶ್ರದ್ಧೆಗೆ ಒಳ್ಳೆಯ ವಂಶಪರಂಪರೆಯೂ ಉಂಟು. ಜಾನ್ ಬ್ಯಾಕಸ್ ಮತ್ತು ಸಂಗಡಿಗರು ಐಬಿಎಂ 704 ಯಂತ್ರಕ್ಕಾಗಿ ರಚಿಸಿದ ಫೋರ್ಟ್ರಾನ್ ಕಂಪೈಲರು ಬಳಕೆದಾರರ ಕೈಸೇರಿದ್ದು 1957ರಲ್ಲಿ; ಅದರ ಕೈಪಿಡಿಯಾದರೋ 1956ರ ಅಕ್ಟೋಬರಿನಲ್ಲಿಯೇ ಅಚ್ಚಾಗಿತ್ತು. ಕೂಸು ಹುಟ್ಟುವ ಮುಂಚೆಯೇ ಕುಲಾವಿ ಹೊಲಿಸಿದಂತಾಯಿತೆಂದು ಅಂದು ಯಾರಾದರೂ ನಕ್ಕಿದ್ದರೆ ಆಶ್ಚರ್ಯವಿಲ್ಲ. ಆ ಕಿರುಹೊತ್ತಗೆಯನ್ನು ಸಂಪಾದಿಸಿದವನು ಡೇವಿಡ್ ಸೇರ್. ಇವನು ಮೂಲತಃ ಸ್ಫಟಿಕವಿಜ್ಞಾನಿ. ಎಕ್ಸ್-ಕಿರಣಗಳ ಚದುರುವಿಕೆಯಿಂದ ಸ್ಫಟಿಕದೊಳಗಿನ ಪರಮಾಣುಗಳ ನೆಲೆಯನ್ನು ಲೆಕ್ಕಹಾಕಲು ನೆರವಾಗುವ, ಅವನ ಹೆಸರಿನಲ್ಲಿಯೇ ಪ್ರಸಿದ್ಧವಾದ ಸಮೀಕರಣವನ್ನು 1952ರಲ್ಲಿ ಪ್ರಕಟಿಸಿದವನು. ಪರಮಾಣುವಿನ ಪಕ್ಕದಲ್ಲಿ ಪರಮಾಣು ಎಷ್ಟು ದೂರದಲ್ಲಿ ಕುಳಿತಿದೆಯೆಂಬ ವಿಚಾರದಲ್ಲಿ ತಲೆಕೆಡಿಸಿಕೊಂಡವನಿಗೆ ಅಕ್ಷರದ ಪಕ್ಕದ ಅಕ್ಷರ ಕ್ಷುಲ್ಲಕವೆನಿಸಲಿಲ್ಲ. ಮೊದಲ ದೊಡ್ಡ ಕಂಪೈಲರಿನ ಮೊದಲ ಕೈಪಿಡಿ ಇಂಥವನ ಕೈಗೆ ಬಂದದ್ದು ನಮ್ಮ ಭಾಗ್ಯವೆಂದೇ ನನ್ನ ಎಣಿಕೆ.

ಮುಂದೆ ರಿಚರ್ಡ್ ಸ್ಟಾಲ್‌ಮನ್ ಜಿಸಿಸಿಯನ್ನು 1987ರಲ್ಲಿ ಹೊರತಂದಾಗ, ಅದರ ಕೈಪಿಡಿಗೆ ಬಳಸಿದ್ದು ಟೆಕ್ಸಿನ್ಫೋ. ಇದರಲ್ಲಿ ಲೇಖಕನು ಓರೆಯಕ್ಷರ, ದಪ್ಪಕ್ಷರ ಎಂದು ಹೇಳುವುದಿಲ್ಲ. ಇದು ಕಡತದ ಹೆಸರು, ಇದು ಆಜ್ಞೆ, ಇದು ಓದುಗನು ತನ್ನದನ್ನು ತುಂಬಿಕೊಳ್ಳಬೇಕಾದ ತೆರಪು ಎಂದು ಜಾತಿಯನ್ನಷ್ಟೇ ನಮೂದಿಸುತ್ತಾನೆ. ಹಾಗೆ ನಮೂದಿಸಿದ ತೆರಪು ಮುದ್ರಿತ ಪುಟದಲ್ಲಿ ಓರೆಯಾಗಿ ಕಾಣುತ್ತದೆ. ಓರೆಯಕ್ಷರವಿಲ್ಲದ ಬರಿಯ ಟರ್ಮಿನಲ್ ಪರದೆಗೆ ಬಂದಾಗ ಅದೇ ತೆರಪು ದೊಡ್ಡಕ್ಷರಗಳಲ್ಲಿ ಕಾಣುತ್ತದೆ. ಅಂದರೆ ಮೂಲಪಾಠವನ್ನು ಓದಿ, ಅದರ ರಚನೆಯನ್ನು ವೃಕ್ಷರೂಪದಲ್ಲಿ ಗ್ರಹಿಸಿ, ಕಾಗದ, ಪರದೆ, ಜಾಲಪುಟ ಎಂಬ ಬೇರೆಬೇರೆ ಗುರಿಗಳಿಗೆ ತಕ್ಕಂತೆ ಹೊರಡಿಸುವ ಈ ತಂತ್ರಾಂಶವೂ ಒಂದು ಕಂಪೈಲರೇ. ಕೈಪಿಡಿಯ ಲೇಖಕನು ತಪ್ಪಿದರೆ ಅದು ಅವನನ್ನೂ ಗದರಿಸುತ್ತದೆ.

ಈ ಗದರಿಕೆಯ ರುಚಿ ನೋಡಬೇಕಾದರೆ ಎಲ್‌ಎಲ್‌ವಿಎಂ ಎಂಬ ಇನ್ನೊಂದು ಕಂಪೈಲರ್ ಯೋಜನೆಗೆ ಹೋಗಬೇಕು. ಅದನ್ನು ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 2000ದಲ್ಲಿ ಆರಂಭಿಸಿದ ಇಬ್ಬರು ಕ್ರಿಸ್ ಲ್ಯಾಟ್ನರ್ ಮತ್ತು ವಿಕ್ರಮ್ ಆಡ್ವೆ; ಆಡ್ವೆಯವರು ನಮ್ಮ ಪೊವಾಯಿಯ ಐಐಟಿಯಲ್ಲಿ ಪದವಿ ಪಡೆದವರು. ಬೊರಿವಲಿಯ ರಾಷ್ಟ್ರೀಯ ಉದ್ಯಾನದ ದಕ್ಷಿಣಕ್ಕೆ, ವಿಹಾರ ಮತ್ತು ಪೊವಾಯಿ ಸರೋವರಗಳ ನಡುವೆ ಇರುವ ಅದೇ ಸಂಸ್ಥೆಯಲ್ಲಿ ಪ್ರೊಫೆಸರ್ ಉದಯ ಖೇಡ್ಕರ್ ಅವರು ಜಿಸಿಸಿ ರಿಸೋರ್ಸ್ ಸೆಂಟರನ್ನು ನಡೆಸಿ, ಆ ಮಹಾಕಾಯ ಕಂಪೈಲರಿನ ಅಂತರಂಗವನ್ನು ವಿದ್ಯಾರ್ಥಿಗಳಿಗೆ ಬಿಡಿಸಿ ತೋರಿಸುವ ಕಾರ್ಯಾಗಾರಗಳನ್ನು ಏರ್ಪಡಿಸಿದರೆಂಬುದನ್ನೂ ನಮ್ಮ ತರುಣನು ಅರಿತಿರಲಿ. ಎಲ್‌ಎಲ್‌ವಿಎಂ ತನ್ನ ದಾಖಲೆಗಳನ್ನು 2012ರಲ್ಲಿ ಸ್ಫಿಂಕ್ಸ್‌ಗೆ ವರ್ಗಾಯಿಸಿತು. ಅಲ್ಲಿ ತಲೆಬರಹದ ಕೆಳಗೆ ಎಳೆಯುವ ಗೀಟುಸಾಲು ತಲೆಬರಹಕ್ಕಿಂತ ಒಂದಕ್ಷರ ಗಿಡ್ಡವಾದರೂ ಎಚ್ಚರಿಕೆ ಬರುತ್ತದೆ. ಎಚ್ಚರಿಕೆಯನ್ನೇ ದೋಷವೆಂದು ಪರಿಗಣಿಸುವ ಕಟ್ಟಳೆ ಇರುವುದರಿಂದ ದಾಖಲೆಯ ನಿರ್ಮಾಣವೇ ನಿಂತುಹೋಗಬಹುದು. ಸಂಕೇತಪದವನ್ನು ಎರಡೆರಡು ಹಿಮ್ಮೊಗದ ಉದ್ಧರಣಚಿಹ್ನೆಗಳ (ಬ್ಯಾಕ್‌ಟಿಕ್) ನಡುವೆ ಇಡಬೇಕು. ಮಾರ್ಕ್‌ಡೌನ್ ಬರೆದು ರೂಢಿಯಾದವರು ಒಂದೊಂದನ್ನೇ ಇಡುತ್ತಾರೆ, ಎಚ್ಚರಿಕೆಯೂ ಬರುವುದಿಲ್ಲ, ಪದ ಮಾತ್ರ ಮೌನವಾಗಿ ಓರೆಯಾಗುತ್ತದೆ.

ಇನ್ನು ಮುಂದೆ ಇದನ್ನೆಲ್ಲ ಕೃತಕ ಬುದ್ಧಿಮತ್ತೆಯೇ ಮಾಡಿಬಿಡುತ್ತದೆಂಬ ಡಂಗುರವೂ ಕೇಳಿಬರುತ್ತಿದೆ. ಗೀಟುಸಾಲು ಉದ್ದಮಾಡುವುದಕ್ಕೆ ಅಂಥ ಮಹಾಬುದ್ಧಿ ಬೇಕಿಲ್ಲ, ಚಿಕ್ಕ ಸ್ಕ್ರಿಪ್ಟ್ ಸಾಕು. ತೊಡಕಿರುವುದು ಬೇರೆ ಕಡೆ. ಅದೇ ಎಲ್‌ಎಲ್‌ವಿಎಂನ ಕ್ಲ್ಯಾಂಗ್-ಫಾರ್ಮ್ಯಾಟ್ ಎಂಬ ಉಪಕರಣದ ಆಯ್ಕೆಗಳನ್ನು ವಿವರಿಸುವ ಪುಟವನ್ನು ಹೆಚ್ಚುಪಾಲು ಯಾರೂ ಕೈಯಿಂದ ಬರೆದದ್ದಲ್ಲ. ಮೂಲಸಂಕೇತದ ಶಿರೋಕಡತದಲ್ಲಿರುವ ಟಿಪ್ಪಣಿಗಳಿಂದ ಒಂದು ಸ್ಕ್ರಿಪ್ಟ್ ಅದನ್ನು ಹೊರತೆಗೆಯುತ್ತದೆ. ಇದನ್ನರಿಯದೆ ಪುಟವನ್ನು ಮಾತ್ರ ತಿದ್ದಿದರೆ, ಮುಂದಿನ ಸಲ ಆ ಸ್ಕ್ರಿಪ್ಟ್ ಓಡಿದಾಗ ತಿದ್ದುಪಡಿಯೆಲ್ಲ ಅಳಿಸಿಹೋಗುತ್ತದೆ. ಆದುದರಿಂದ ತಿದ್ದುವ ಮೊದಲು ಪುಟದ ಹುಟ್ಟು ಎಲ್ಲಿಂದ ಎಂದು ನೋಡಬೇಕು. ಹಾಗೆ ನೋಡುತ್ತ ಹೋದವನು ಮೂಲಸಂಕೇತದ ನಡುಮನೆಗೇ ಬಂದಿರುತ್ತಾನೆ. ಹಳಬರು ಹೊಸಬರಿಗೆ ಈ ಕೆಲಸ ಕೊಡುವುದರ ಗುಟ್ಟೂ ಇದೇ ಇರಬೇಕು.

ಒಪ್ಪಮಾಡುವ ಉತ್ಸಾಹಕ್ಕೂ ಮಿತಿಯುಂಟು. ಜಿಸಿಸಿಯವರು 2022ರ ನವೆಂಬರಿನಲ್ಲಿ ತಮ್ಮ ಕೈಪಿಡಿಗಳನ್ನು ಸಮಗ್ರವಾಗಿ ಟೆಕ್ಸಿನ್ಫೋದಿಂದ ಸ್ಫಿಂಕ್ಸ್‌ಗೆ ವರ್ಗಾಯಿಸಿ, ಸಾಲುಸಾಲು ತೊಡಕುಗಳು ತಲೆದೋರಿದ್ದರಿಂದ, ಕೆಲವೇ ದಿನಗಳಲ್ಲಿ ಆ ಬದಲಾವಣೆಯನ್ನು ಹಿಂತೆಗೆದುಕೊಂಡರು. ಅಲ್ಲಿ ಅಡ್ಡಗೀಟುಗಳನ್ನು ತಿದ್ದುವವರು ಟೆಕ್ಸಿನ್ಫೋದ ಚಿಹ್ನೆಗಳನ್ನೇ ಕಲಿಯಬೇಕು.