ಪಿಯೆಶ್ತ್ಯಾನಿಯ ಪಂದ್ಯ: ಅಭಿಮಾನಿಗಳ ವಾದದ ಸ್ವರೂಪವನ್ನು ಕುರಿತು ಒಂದು ವಿವೇಚನೆ

ಕ್ರೀಡೆಯ ಸಾಮಾಜಿಕ ಸ್ವರೂಪವನ್ನು ತಿಳಿಯಬಯಸುವವರು ಆಟಗಾರರನ್ನು ನೋಡಿದರೆ ಸಾಲದು. ಆಟ ಮುಗಿದ ಮೇಲೆ ಅದನ್ನು ಕುರಿತು ವಾದಿಸುವ ಅಭಿಮಾನಿಗಳ ಮಾತನ್ನೂ ಆಲಿಸಬೇಕು. ಆಟಕ್ಕೆ ಕಾಲಮಿತಿಯುಂಟು, ವಾದಕ್ಕೆ ಇಲ್ಲ. ೧೯೮೭ರ ಜನವರಿ ೪ರಂದು ಅಂದಿನ ಚೆಕೊಸ್ಲೊವಾಕಿಯದ ಪಿಯೆಶ್ತ್ಯಾನಿ ಪಟ್ಟಣದಲ್ಲಿ ಕೆನಡಾ ಮತ್ತು ಸೋವಿಯತ್ ಒಕ್ಕೂಟದ ತರುಣರ ನಡುವೆ ನಡೆದ ಐಸ್ ಹಾಕಿ ಪಂದ್ಯ ಇದಕ್ಕೆ ಒಳ್ಳೆಯ ನಿದರ್ಶನ. ಆ ಪಂದ್ಯ ಪೂರ್ತಿಯಾಗಲೇ ಇಲ್ಲ. ಅದನ್ನು ಕುರಿತ ವಾದವೂ ಪೂರ್ತಿಯಾಗಿಲ್ಲ. ಈ ವಾದ ಇಷ್ಟು ಕಾಲ ಏಕೆ ಉಳಿದುಬಂದಿತು, ಅದರಲ್ಲಿ ಯಾವ ಪ್ರಶ್ನೆಗಳು ಒಂದರೊಳಗೊಂದು ಹೆಣೆದುಕೊಂಡಿವೆ ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ನಮ್ಮ ಓದುಗರಿಗೆ ಹಾಕಿ ಎಂದರೆ ಮೈದಾನದ ಆಟ. ಶೀತದೇಶಗಳ ಐಸ್ ಹಾಕಿಯನ್ನು ಹೆಪ್ಪುಗಟ್ಟಿದ ನೀರಿನ ಅಂಗಳದಲ್ಲಿ, ಕಾಲಿಗೆ ಸ್ಕೇಟುಗಳನ್ನು ಕಟ್ಟಿಕೊಂಡು ಆಡುತ್ತಾರೆ. ಚೆಂಡಿನ ಸ್ಥಾನದಲ್ಲಿ ಪಕ್ ಎಂಬ ರಬ್ಬರಿನ ಬಿಲ್ಲೆಯಿರುತ್ತದೆ. ಗೋಲಿಯೂ ಸೇರಿ ಪಕ್ಷಕ್ಕೆ ಆರು ಮಂದಿ ಅಂಗಳದಲ್ಲಿರುತ್ತಾರೆ. ಉಳಿದವರು ಬೆಂಚಿನಲ್ಲಿ ಕುಳಿತಿದ್ದು ಸರದಿಯಂತೆ ಇಳಿಯುತ್ತಾರೆ. ಇಪ್ಪತ್ತು ನಿಮಿಷದ ಮೂರು ಅವಧಿಗಳು ಸೇರಿ ಒಂದು ಪಂದ್ಯ. ಮೈಗೆ ಮೈ ತಾಗಿಸಿ ಎದುರಾಳಿಯನ್ನು ತಡೆಯುವುದು ಈ ಆಟದಲ್ಲಿ ಸಮ್ಮತವಾದದ್ದು. ಆದರೆ ಹೊಡೆದಾಟದ ವಿಷಯದಲ್ಲಿ ಎರಡು ಸಂಪ್ರದಾಯಗಳಿದ್ದವು. ಉತ್ತರ ಅಮೆರಿಕದ ವೃತ್ತಿಪರ ಆಟದಲ್ಲಿ ಇಬ್ಬರು ಆಟಗಾರರು ಕೈಮಿಲಾಯಿಸಿದರೆ ಐದು ನಿಮಿಷ ಹೊರಗೆ ಕುಳಿತು ಮರಳಿ ಬರಬಹುದಾಗಿತ್ತು; ಅಂತರರಾಷ್ಟ್ರೀಯ ನಿಯಮದಲ್ಲಿ ಅದೇ ಕೃತ್ಯಕ್ಕೆ ಪಂದ್ಯದಿಂದಲೇ ಉಚ್ಚಾಟನೆ. ಒಂದೇ ಅಂಗಳದಲ್ಲಿ ಎರಡು ಬಗೆಯ ನಡವಳಿಕೆಯ ಕಲ್ಪನೆಗಳು ಎದುರಾದುದನ್ನು ನಾವು ಮೊದಲೇ ಗಮನದಲ್ಲಿಟ್ಟುಕೊಳ್ಳಬೇಕು.

ಈ ಎರಡು ರಾಷ್ಟ್ರಗಳ ಸ್ಪರ್ಧೆ ೧೯೭೨ರಲ್ಲಿ ಉಜ್ವಲ ರೂಪವನ್ನು ತಾಳಿತು. ಆ ವರ್ಷ ಹಿರಿಯರ ಎಂಟು ಪಂದ್ಯಗಳ ಸರಣಿಯನ್ನು ಕೆನಡಾ ಮಾಸ್ಕೋದ ಕೊನೆಯ ಪಂದ್ಯದ ಕೊನೆಯ ನಿಮಿಷದಲ್ಲಿ ಗೆದ್ದುಕೊಂಡಿತು. ಇಪ್ಪತ್ತು ವರ್ಷದೊಳಗಿನ ತರುಣರ ವಿಶ್ವ ಪಂದ್ಯಾವಳಿ ೧೯೭೭ರಲ್ಲಿ ಅಧಿಕೃತವಾಗಿ ಆರಂಭವಾದಾಗ ಮೊದಲ ನಾಲ್ಕು ವರ್ಷವೂ ಸ್ವರ್ಣಪದಕ ಸೋವಿಯತ್ ತಂಡದ ಪಾಲಾಯಿತು. ೧೯೮೨ರಲ್ಲಿ ಕೆನಡಾ ದೇಶದಾದ್ಯಂತ ಆಯ್ದ ತರುಣರ ರಾಷ್ಟ್ರೀಯ ತಂಡವನ್ನು ಕಟ್ಟಿ ಮೊದಲ ಸಲ ಸ್ವರ್ಣವನ್ನು ಪಡೆಯಿತು. ೧೯೮೫ರಲ್ಲಿ ಮತ್ತೊಮ್ಮೆ ಪಡೆಯಿತು. ಹೀಗೆ ಹಿರಿಯರ ಹಗೆಯು ಕಿರಿಯರ ಹೆಗಲಿಗೆ ಬಂದಿತ್ತು.

೧೯೮೭ರ ಪಂದ್ಯಾವಳಿಯಲ್ಲಿ ಅಂತಿಮ ಪಂದ್ಯವೆಂಬುದು ಇರಲಿಲ್ಲ. ಎಂಟು ತಂಡಗಳು ಪರಸ್ಪರ ಒಂದೊಂದು ಸಲ ಆಡಬೇಕು. ಗೆಲುವಿಗೆ ಎರಡು ಅಂಕ, ಸಮಕ್ಕೆ ಒಂದು. ಒಟ್ಟು ಅಂಕದಿಂದ ಪದಕ. ಕೊನೆಯ ದಿನದ ಲೆಕ್ಕ ಹೀಗಿತ್ತು: ಫಿನ್ಲೆಂಡಿಗೆ ಹನ್ನೊಂದು ಅಂಕ, ಕೆನಡಾಕ್ಕೆ ಒಂದು ಪಂದ್ಯ ಉಳಿದಿರುವಾಗ ಒಂಬತ್ತು. ಇವೆರಡರ ಪಂದ್ಯ ೬-೬ ಗೋಲುಗಳಿಂದ ಸಮವಾಗಿದ್ದುದರಿಂದ, ಸ್ವರ್ಣಕ್ಕಾಗಿ ಕೆನಡಾ ಸೋವಿಯತ್ ತಂಡವನ್ನು ಐದು ಗೋಲುಗಳ ಅಂತರದಿಂದ ಸೋಲಿಸಬೇಕಾಗಿತ್ತು. ಅಷ್ಟು ಅಂತರವಿಲ್ಲದೆ ಗೆದ್ದರೆ ರಜತ. ಸೋತರೂ ಕಂಚು ನಿಶ್ಚಿತ. ಸೋವಿಯತ್ ತಂಡವಾದರೋ ಮೂರು ಪಂದ್ಯಗಳನ್ನು ಸೋತು ಪದಕದ ಆಸೆಯನ್ನು ಕಳೆದುಕೊಂಡಿತ್ತು. ಒಬ್ಬನಿಗೆ ಎಲ್ಲವೂ ಪಣ, ಇನ್ನೊಬ್ಬನಿಗೆ ಮಾನವೊಂದೇ ಪಣ. ಮುಂದಿನ ವಾದಕ್ಕೆಲ್ಲ ಈ ಅಸಮತೆಯೇ ತಳಹದಿ.

ಎರಡನೆಯ ಅವಧಿಯಲ್ಲಿ ಇನ್ನೂ ಆರು ನಿಮಿಷ ಏಳು ಸೆಕೆಂಡು ಉಳಿದಿರುವಾಗ ಕೆನಡಾ ೪-೨ರಿಂದ ಮುಂದಿತ್ತು. ಆಗ ಇಬ್ಬಿಬ್ಬರ ನಡುವೆ ಹುಟ್ಟಿದ ಘರ್ಷಣೆ ಅಂಗಳದಲ್ಲಿದ್ದವರಿಗೆಲ್ಲ ಹಬ್ಬಿತು. ಸೋವಿಯತ್ ಬೆಂಚಿನಿಂದ ಯೆವ್ಗೆನಿ ದವೀದಫ್ ಮೊದಲು ಧುಮುಕಿದನು. ಬಳಿಕ ಎರಡೂ ಬೆಂಚುಗಳು ಬರಿದಾದವು. ನಾರ್ವೆಯ ತೀರ್ಪುಗಾರ ಹಾನ್ಸ್ ರ‍್ಯೋನಿಂಗ್ ಮತ್ತು ಅವರ ಸಹಾಯಕರು ನಿಯಂತ್ರಿಸಲಾರದೆ ಅಂಗಳವನ್ನು ಬಿಟ್ಟು ಹೋದರು. ಹೊಡೆದಾಟವನ್ನು ನಿಲ್ಲಿಸಲು ವ್ಯವಸ್ಥಾಪಕರು ದೀಪಗಳನ್ನೇ ಆರಿಸಿದರು. ಕತ್ತಲೆಯಲ್ಲಿಯೂ ಅದು ನಡೆಯಿತು. ಇಪ್ಪತ್ತು ನಿಮಿಷಗಳ ಕಾಲ ಅದು ಸಾಗಿತು. ಒಡನೆ ಸೇರಿದ ಸಭೆ ಏಳಕ್ಕೆ ಒಂದು ಮತದಿಂದ ಎರಡೂ ತಂಡಗಳನ್ನು ಪಂದ್ಯಾವಳಿಯಿಂದ ಹೊರಹಾಕಿತು. ವಿರೋಧವಾಗಿ ಬಿದ್ದ ಒಂದು ಮತ ಕೆನಡಾದ್ದು. ಸ್ವರ್ಣ ಫಿನ್ಲೆಂಡಿಗೂ, ರಜತ ಚೆಕೊಸ್ಲೊವಾಕಿಯಕ್ಕೂ, ಕಂಚು ಸ್ವೀಡನ್ನಿಗೂ ಸಂದವು.

ಕೆನಡಾದಲ್ಲಿ ಆ ದಿನದಿಂದಲೇ ಅಭಿಮಾನಿಗಳು ಎರಡು ಪಕ್ಷವಾದರು. ದೂರದರ್ಶನದಲ್ಲಿ ಬ್ರಯನ್ ವಿಲಿಯಮ್ಸ್ ಈ ಹೊಡೆದಾಟವನ್ನು ಖಂಡಿಸಿದರೆ, ಡಾನ್ ಚೆರಿ ಹುಡುಗರ ಪರವಾಗಿ ನಿಂತರು. ಟೊರಾಂಟೋ ತಂಡದ ಒಡೆಯ ಹೆರಲ್ಡ್ ಬಲರ್ಡ್ ತಾವೇ ಪದಕಗಳನ್ನು ಮಾಡಿಸಿಕೊಟ್ಟರು. ಒಂದು ಪಕ್ಷಕ್ಕೆ ಇದು ದೇಶಕ್ಕೆ ತಗುಲಿದ ನಾಚಿಕೆ. ಇನ್ನೊಂದು ಪಕ್ಷಕ್ಕೆ ಇದು ಕಿತ್ತುಕೊಂಡ ಸ್ವರ್ಣ. ನಮ್ಮ ದೃಷ್ಟಿಯಲ್ಲಿ ಈ ವಾದ ತೀರದಿರುವುದಕ್ಕೆ ಕಾರಣ, ಮೂರು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಪ್ರಶ್ನೆಯೆಂದು ಭಾವಿಸಿರುವುದು.

ಮೊದಲನೆಯದು ಸಂಗತಿಯ ಪ್ರಶ್ನೆ: ಆರಂಭಿಸಿದವರು ಯಾರು? ಬೆಂಚನ್ನು ಮೊದಲು ಬಿಟ್ಟವನು ದವೀದಫ್ ಎಂಬುದು ಖಚಿತ. ಆದರೆ ಎದುರುಪಕ್ಷದವರು ಗಡಿಯಾರವನ್ನು ಇನ್ನೂ ಹಿಂದಕ್ಕೆ ತಿರುಗಿಸುತ್ತಾರೆ. ಕೆನಡಾದ ಥಿಯೊರನ್ ಫ್ಲುರಿ ಪಂದ್ಯದ ಮೊದಲ ಗೋಲನ್ನು ಹೊಡೆದು, ಕೋಲನ್ನು ಬಂದೂಕಿನಂತೆ ಹಿಡಿದು ಸೋವಿಯತ್ ಬೆಂಚಿನ ಕಡೆಗೆ ಗುರಿಯಿಟ್ಟು ಕುಣಿದನಲ್ಲವೇ ಎನ್ನುತ್ತಾರೆ. ಆದಿಯನ್ನು ಎಲ್ಲಿ ಇಡಬೇಕೆಂಬುದು ವಾದಿಸುವವನ ಆಯ್ಕೆಯಾದಾಗ ಸಂಗತಿ ಖಚಿತವಾಗಿದ್ದರೂ ತೀರ್ಮಾನ ಖಚಿತವಾಗದು.

ಎರಡನೆಯದು ಉದ್ದೇಶದ ಪ್ರಶ್ನೆ. ಸೋವಿಯತ್ ತಂಡ ಬೇಕೆಂದೇ ಕೆನಡಾವನ್ನು ಬಲೆಗೆ ಕೆಡವಿತೆಂದು ಹಲವು ಅಭಿಮಾನಿಗಳ ನಂಬಿಕೆ. ಕಳೆದುಕೊಳ್ಳಲು ಏನೂ ಇಲ್ಲದವನು ಹಾಗೆ ಮಾಡಬಹುದೆಂಬ ಊಹೆ ಇದಕ್ಕೆ ಆಧಾರ. ಆದರೆ ಮಾಡಬಹುದಾದದ್ದು ಬೇರೆ, ಮಾಡಿದ್ದು ಬೇರೆ. ಅಂಕಪಟ್ಟಿ ಒಂದು ಪಕ್ಷದ ಸಂಯಮಕ್ಕೆ ಯಾವ ಬೆಲೆಯನ್ನೂ ಇಡದಿದ್ದಾಗ, ಸಂಚಿಲ್ಲದೆಯೂ ಸಂಯಮ ಸಡಿಲವಾಗುತ್ತದೆ. ರಾಷ್ಟ್ರದ ಗುಣಕ್ಕೆ ಆರೋಪಿಸುವ ದೋಷದಲ್ಲಿ ಬಹುಭಾಗ ಪಂದ್ಯಾವಳಿಯ ರಚನೆಗೆ ಸೇರಬೇಕಾದದ್ದು.

ಮೂರನೆಯದು ನ್ಯಾಯದ ಪ್ರಶ್ನೆ. ಎರಡು ತಂಡಗಳಿಗೂ ವಿಧಿಸಿದ ದಂಡ ಒಂದೇ, ಅದರಿಂದಾದ ನಷ್ಟ ಒಂದೇ ಅಲ್ಲ. ಒಬ್ಬರು ಕೈಗೆ ಬಂದಿದ್ದ ಪದಕವನ್ನು ಕಳೆದುಕೊಂಡರು. ಇನ್ನೊಬ್ಬರು ಪಟ್ಟಿಯಲ್ಲಿ ಕೆಳಗಿನ ಒಂದು ಸ್ಥಾನವನ್ನು. ಸಮದಂಡವೇ ನ್ಯಾಯವೆಂಬ ವಾದವೂ, ಸಮನಷ್ಟವೇ ನ್ಯಾಯವೆಂಬ ವಾದವೂ ತಮ್ಮ ತಮ್ಮ ನೆಲೆಯಲ್ಲಿ ಸಾಧುವೇ. ಆದರೆ ತಪ್ಪು ಮಾಡಿದವರಲ್ಲಿ ಹೆಚ್ಚು ಕಳೆದುಕೊಳ್ಳುವವನಿಗೆ ಕಡಮೆ ದಂಡವೆಂಬ ನಿಯಮವನ್ನು ಯಾವ ಸಭೆಯೂ ಒಪ್ಪಲಾರದು.

ಹೀಗೆ ಪ್ರಶ್ನೆಗಳನ್ನು ಬೇರ್ಪಡಿಸಿದ ಮೇಲೆಯೂ ಒಂದು ವಾದ ಉಳಿಯುತ್ತದೆ; ಅದೇ ಅತ್ಯಂತ ಗಹನವಾದದ್ದು. ಸಂಗಾತಿಗಳೆಲ್ಲ ಅಂಗಳಕ್ಕೆ ಧುಮುಕಿದಾಗ ಕೆನಡಾದ ಪಿಯೆರ್ ಟುರ್ಜನ್ ಬೆಂಚಿನಲ್ಲಿಯೇ ಉಳಿದನು. ಅವನಿಗೆ ಆಗ ಹದಿನೇಳು ವರ್ಷ. ನಿಯಮವನ್ನು ಮೀರದ ಆ ತರುಣನನ್ನು ಅವನ ಕಡೆಯವರೇ ಹೇಡಿಯೆಂದು ನಿಂದಿಸಿದರು. ಗೆಳೆಯನೊಬ್ಬ ಪೆಟ್ಟು ತಿನ್ನುತ್ತಿರುವಾಗ ಕುಳಿತು ನೋಡಬಹುದೇ ಎಂದು ಒಬ್ಬ ಅಭಿಮಾನಿ ಕೇಳುತ್ತಾನೆ. ಎಲ್ಲರೂ ಅವನಂತೆ ಕುಳಿತಿದ್ದರೆ ಪದಕ ಉಳಿಯುತ್ತಿರಲಿಲ್ಲವೇ ಎಂದು ಇನ್ನೊಬ್ಬ ಕೇಳುತ್ತಾನೆ. ಇಲ್ಲಿ ಎದುರಾಗಿರುವುದು ಗುಣಕ್ಕೆ ದೋಷವಲ್ಲ, ಗುಣಕ್ಕೆ ಗುಣ: ಒಂದು ಕಡೆ ಸಂಗಾತಿಗಳಲ್ಲಿ ನಿಷ್ಠೆ, ಇನ್ನೊಂದು ಕಡೆ ನಿಯಮದಲ್ಲಿ ನಿಷ್ಠೆ. ಈ ಎರಡರಲ್ಲಿ ಆರಿಸಿಕೊಳ್ಳುವ ಹೊಣೆಯನ್ನು ಕ್ಷಣಾರ್ಧದಲ್ಲಿ ಹೊತ್ತವರು ಇಪ್ಪತ್ತು ತುಂಬದ ಹುಡುಗರು. ಬೆಂಚನ್ನು ಹಿಡಿದು ನಿಲ್ಲಿಸಬೇಕಾದ ಹೊಣೆ ಎರಡೂ ಕಡೆಯ ಹಿರಿಯರದಾಗಿತ್ತು. ಅಂತರರಾಷ್ಟ್ರೀಯ ಸಂಸ್ಥೆ ಆಟಗಾರರಿಗೆ ಹದಿನೆಂಟು ತಿಂಗಳ, ತರಬೇತುದಾರರಿಗೆ ಮೂರು ವರ್ಷಗಳ ನಿಷೇಧ ವಿಧಿಸಿದ್ದೂ, ಬಳಿಕ ಮೇಲ್ಮನವಿಯಲ್ಲಿ ಆಟಗಾರರ ಅವಧಿಯನ್ನು ಆರು ತಿಂಗಳಿಗೆ ಇಳಿಸಿದ್ದೂ ಈ ತಾರತಮ್ಯವನ್ನು ಒಪ್ಪಿಕೊಂಡಂತೆಯೇ ಸರಿ.

ಮುಂದಿನ ಕಥೆ ಅಭಿಮಾನಿಗಳ ಹಗೆಗೆ ಪೋಷಕವಾಗಿಲ್ಲ. ೧೯೮೮ರಲ್ಲಿ ಮಾಸ್ಕೋದಲ್ಲಿ ಫ್ಲುರಿಯ ನಾಯಕತ್ವದಲ್ಲಿ ಕೆನಡಾ ಸ್ವರ್ಣವನ್ನು ಗಳಿಸಿತು. ಪಿಯೆಶ್ತ್ಯಾನಿಯಲ್ಲಿ ಎದುರುಬದುರಾಗಿದ್ದ ಬ್ರೆಂಡನ್ ಶನಹಾನ್, ಸೆರ್ಗೈ ಫೆದರಫ್, ವ್ಲದೀಮಿರ್ ಕನ್‌ಸ್ತಾಂತೀನಫ್ ಇವರು ೧೯೯೭ರಲ್ಲಿ ಡೆಟ್ರಾಯಿಟ್ ತಂಡದಲ್ಲಿ ಒಂದೇ ಅಂಗಿ ತೊಟ್ಟು ಸ್ಟ್ಯಾನ್ಲಿ ಕಪ್ಪನ್ನು ಗೆದ್ದರು. ೨೦೧೧ರಲ್ಲಿ ಅದೇ ಶನಹಾನ್ ಉತ್ತರ ಅಮೆರಿಕದ ವೃತ್ತಿಪರ ಲೀಗಿನಲ್ಲಿ ಆಟಗಾರರ ಸುರಕ್ಷತೆಯ ವಿಭಾಗಕ್ಕೆ ಮುಖ್ಯಸ್ಥರಾಗಿ, ಮಿತಿಮೀರಿದವರಿಗೆ ದಂಡ ವಿಧಿಸುವ ಸ್ಥಾನದಲ್ಲಿ ಕುಳಿತರು. ಬೆಂಚು ಬಿಡದ ಟುರ್ಜನ್ ೨೦೨೩ರಲ್ಲಿ ಹಾಕಿಯ ಕೀರ್ತಿಮಂದಿರವನ್ನು ಸೇರಿದರು. ಪಂದ್ಯಾವಳಿಗೂ ೧೯೯೬ರಿಂದ ಅಂತಿಮ ಪಂದ್ಯ ಬಂದಿತು. ಅಲ್ಲಿ ಎದುರಾಗುವ ಇಬ್ಬರಿಗೂ ಪಣ ಒಂದೇ.

ಅಭಿಮಾನಿಗಳ ವಾದವನ್ನು ಬರಿಯ ಹರಟೆಯೆಂದು ತಳ್ಳಿಹಾಕುವುದು ವಿದ್ಯಾರ್ಥಿಗಳಿಗೆ ತರವಲ್ಲ. ನಿಷ್ಠೆ, ನಿಯಮ, ನ್ಯಾಯ ಎಂಬ ಹಿರಿಯ ಮಾತುಗಳನ್ನು ಸಾಮಾನ್ಯ ಜನ ತಮ್ಮದೇ ಉದಾಹರಣೆಗಳಿಂದ ತೂಗಿನೋಡುವ ಜಾಗ ಅದು. ಆದರೆ ಆ ತಕ್ಕಡಿಯಲ್ಲಿ ತೂಗಲ್ಪಡುವವರು ಹದಿಹರೆಯದ ಹುಡುಗರು ಎಂಬುದನ್ನು ಮರೆತಾಗ ವಾದ ವಿಚಾರವಾಗಿ ಉಳಿಯದೆ, ಇನ್ನೊಂದು ಹೊಡೆದಾಟವಾಗುತ್ತದೆ.